ಮುಕ್ಕಾಲು ಕುದುರೆ

ಚನ್ನಪಟ್ಟಣ
೨ ಆಗಸ್ಟ್ ೨೦೨೪

ರೈಲು ಹತ್ತಿದ ಮಹೀನ್‌ಗೆ,

ಸಲಾಂ. ಮೊದಲೇ ಸ್ಪಷ್ಟವಾಗಿರಲಿ: ಇದು ಮಾತಲ್ಲ, ಬರಹ. ಜೂನ್ ತಿಂಗಳಲ್ಲಿ ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ, ನಿನ್ನ ಇಬ್ಬರು ಸೋದರತ್ತೆಯರು, ಒಬ್ಬ ಟೀ ಮಾರುವವನು, ಅರ್ಧ ಬೀದಿ, ಇಷ್ಟೂ ಜನರ ಎದುರಿಗೆ “ಈ ರೈಲು ಹತ್ತಿದರೆ ನಿನ್ನ ಜೊತೆ ಮಾತಾಡಲ್ಲ” ಅಂದೆ. ನೀನು ಹತ್ತಿದೆ. ನಾನು ಮಾತಾಡಲಿಲ್ಲ. ಗಫಾರ್ ಸಾಬರು ಆಡಿದ ಮಾತಿಗೆ ತಪ್ಪುವವರಲ್ಲ ಅಂತ ಬೀದಿಯಲ್ಲಿ ಹೆಸರಿದೆ, ಅದನ್ನು ಕೆಡಿಸಿಕೊಳ್ಳಲಾರೆ. ಆದರೆ ಬರೆಯುವುದಿಲ್ಲ ಅಂತ ನಾನು ಎಲ್ಲೂ ಅಂದಿಲ್ಲ. ಬಿ.ಎ.ಯಲ್ಲಿ ಸಂಧಿಗಳನ್ನೆಲ್ಲ ಬಾಯಿಪಾಠ ಮಾಡಿದವನಿಗೆ ಇಷ್ಟು ಸಣ್ಣ ಸಂದಿ ಕಾಣದಿದ್ದರೆ ಹೇಗೆ?

ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ಉರ್ದುವಿನಲ್ಲಿ ಬರೆದರೆ ನಿನ್ನ ಅಮ್ಮಿ ಓದಿಬಿಡುತ್ತಾಳೆ.

ಈಗ ಕರೆಂಟ್ ಹೋಗಿದೆ. ಮರ ಕಡೆಯುವ ಮೋಟಾರ್ ನಿಂತಿದೆ, ಕೈ ಖಾಲಿ. ಅದಕ್ಕೇ ಈ ಪತ್ರ. ಬೇರೇನೂ ಅರ್ಥ ಮಾಡಿಕೊಳ್ಳಬೇಡ.

ವಿಷಯ ಇಷ್ಟು. ಮಾಗಡಿ ಕಡೆಯ ಕಲ್ಯದಿಂದ ದೇವರಾಜು ಅಂತ ಒಬ್ಬ ರೈತರು ಅಂಗಡಿಗೆ ಬಂದರು. ಟವೆಲ್ಲಿನಲ್ಲಿ ಕೂಸಿನಂತೆ ಸುತ್ತಿ ತಂದದ್ದನ್ನು ಮೇಜಿನ ಮೇಲಿಟ್ಟರು. ಮೇಜು ನರಳಿತು. ಬಿಚ್ಚಿ ನೋಡಿದರೆ ಎರಕದ ಕಬ್ಬಿಣದ ಆಟಿಕೆ! ಅಂಗೈಯಗಲದ ಚಕ್ರದ ಗಾಡಿ, ಗಾಡಿಯ ಮೇಲೊಂದು ಗಂಟೆ, ಮುಂದೆ ಒಂದು ಕುದುರೆ. ದಾರ ಕಟ್ಟಿ ಎಳೆದರೆ ಚಕ್ರದ ಅಚ್ಚು ತಿರುಗಿ, ಒಂದು ಸಣ್ಣ ಸುತ್ತಿಗೆ ಎದ್ದು ಗಂಟೆಗೆ ಬಡಿಯಬೇಕು. ಈಗ ಸುತ್ತಿಗೆ ಇಲ್ಲ, ಬಲಗಡೆ ಚಕ್ರ ಇಲ್ಲ, ಕುದುರೆಗೆ ಹಿಂದಿನ ಬಲಗಾಲು ಇಲ್ಲ.

“ನಾವು ಮರದ್ದು ಮಾಡೋರು ಯಜಮಾನ್ರೇ, ಇದು ಕಬ್ಬಿಣ” ಅಂದೆ.

“ಬೊಂಬೆ ಅಂದ್ಮ್ಯಾಕೆ ಬೊಂಬೆ ಕಣ್ ಸಾಬ್ರೇ. ಮರದ್ದಾದ್ರೇನು, ಕಬ್ಣದ್ದಾದ್ರೇನು?”

ಅವರ ತಾಯಿ ಸರಸಮ್ಮನಿಗೆ ಎಂಬತ್ತರ ಹತ್ತಿರ. ಆ ಮನೆಯಲ್ಲಿ ಹುಟ್ಟಿದ ಕೂಸು ಮೊದಲ ಹೆಜ್ಜೆಯನ್ನು ಈ ಗಾಡಿಯ ದಾರ ಹಿಡಿದೇ ಇಡಬೇಕಂತೆ. ಆಕೆಯ ಮಾವ ಬೆಂಗಳೂರು ದಂಡಿನ ಹರಾಜಿನಲ್ಲಿ ಇದನ್ನು ತಂದಾಗಿನಿಂದ ಶುರುವಾದ ಪದ್ಧತಿ.

“ನಾನೇ ಆರು ವರ್ಸದಾಗೆ ಮ್ಯಾಲೆ ಕುಂತು ಸವಾರಿ ಮಾಡ್ಬುಟ್ಟೆ” ಅಂದರು ದೇವರಾಜು. “ಕಾಲು ಮುರ್ದೋಯ್ತು. ಹೆದ್ರಿ ಕಾಲ್ನೂ ಚಕ್ರಾನೂ ಬಾವಿಗೆ ಎಸ್ದ್ಬುಟ್ಟೆ. ನನ್ ಮಕ್ಳು ಮೂರೂ ಗಾಡಿ ಇಲ್ದೇ ನಡೆದ್ವು. ಅದ್ಕೇ ಒಂದೂ ನೆಟ್ಗೆ ನಡ್ಕೊಳ್ಳಾಕಿಲ್ಲ ಅಂತಾಳೆ ನಮ್ಮವ್ವ.”

ಈಗ ದೇವರಾಜು ಅವರ ಮೊಮ್ಮಗಳಿಗೆ ಏಳು ತಿಂಗಳು. ಅವಳು ನಡೆಯುವುದರೊಳಗೆ ಗಾಡಿ ನಡೆಯಬೇಕು. ಕಣ್ಣು ಮುಚ್ಚುವುದರೊಳಗೆ ಒಂದು ಕೂಸಾದರೂ ಗಂಟೆ ಬಾರಿಸಿಕೊಂಡು ನಡೆಯುವುದನ್ನು ನೋಡಬೇಕು ಅನ್ನುವುದು ಆ ತಾಯಿಯ ಆಸೆ. ನಾನು “ಆಗಲಿ” ಅಂದುಬಿಟ್ಟೆ. ಯಾಕೆ ಅಂದೆನೋ.

ನಾಲ್ಕರಲ್ಲಿ ಮೂರು ಕಾಲು ಉಳಿದಿರುವುದರಿಂದ ಇದಕ್ಕೆ ‘ಮುಕ್ಕಾಲು ಕುದುರೆ’ ಅಂತ ನಾಮಕರಣ ಮಾಡಿದ್ದೇನೆ. ನಿನ್ನ ಸಹಾಯವೇನೂ ಬೇಡ. ನೀನು ಬೆಳಗಾವಿಯ ಫೌಂಡ್ರಿಯಲ್ಲಿ ಕಬ್ಬಿಣ ಕಲಿಯುತ್ತಿದ್ದೀಯಲ್ಲ ಅಂತ ಸುಮ್ಮನೆ ತಿಳಿಸಿದೆ. ಅರಗಿನ ಮನೆಯಲ್ಲಿ ಹುಟ್ಟಿಯೂ ನಿನಗೆ ಅಪ್ಪನ ಮಾತು ಅರಗಲಿಲ್ಲ. ಕಬ್ಬಿಣ ಅರಗುತ್ತಿದೆಯೋ?

ಕರೆಂಟ್ ಬಂತು. ನಿಲ್ಲಿಸುತ್ತೇನೆ.

ನಿನ್ನ ಜೊತೆ ಮಾತಾಡದ,
ಅಬ್ಬಾ


ಬೆಳಗಾವಿ
೧೪ ಆಗಸ್ಟ್ ೨೦೨೪

ಮಾತಾಡದ ಅಬ್ಬಾ ಅವರಿಗೆ,

ಸಲಾಂ. ನೀವು ಮಾತಾಡಲ್ಲ, ನಾನೂ ಮಾತಾಡಲ್ಲ. ಹಟದಲ್ಲಿ ನಾನು ಯಾರ ಮಗಳು ಅಂತ ಪ್ಲಾಟ್‌ಫಾರಂನ ಟೀ ಮಾರುವವನಿಗೂ ಗೊತ್ತಾಗಿರಬೇಕು.

ಸಹಾಯ ಬೇಡ ಅಂದಿದ್ದೀರಿ, ಆದ್ದರಿಂದ ಇದು ಸಹಾಯವಲ್ಲ. ಒಂದು, ಕಾಲನ್ನು ವೆಲ್ಡಿಂಗ್ ಮಾಡಿಸಬೇಡಿ. ಎರಕದ ಕಬ್ಬಿಣಕ್ಕೆ ದಿಢೀರನೆ ಶಾಖ ಕೊಟ್ಟರೆ ಇರುವ ಮೂರು ಕಾಲಿಗೂ ಬಿರುಕು ಬಂದು ಮುಕ್ಕಾಲು ಹೋಗಿ ಅರ್ಧವಾದೀತು. ಎರಡು, ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಕೂಸು ಬಾಯಿಗೆ ಹಾಕದೆ ಬಿಡುವುದಿಲ್ಲ, ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಮೂರು, ನಿಮ್ಮನ್ನು ಬಲ್ಲೆ: ದಯವಿಟ್ಟು ಮರದ ಚಕ್ರ ಮಾಡಿ ಕಪ್ಪು ಅರಗು ಬಳಿದು ಕಬ್ಬಿಣ ಅಂತ ದಾಟಿಸಲು ಹೋಗಬೇಡಿ.

ಇಲ್ಲಿ ಕೆಲಸ ಚೆನ್ನಾಗಿದೆ. ಸಾವಿರದ ಇನ್ನೂರು ಡಿಗ್ರಿಗೆ ಕಬ್ಬಿಣ ಕರಗುತ್ತದೆ. ಅಪ್ಪಂದಿರು ಎಷ್ಟಕ್ಕೆ ಕರಗುತ್ತಾರೆ ಅಂತ ಕೈಪಿಡಿಯಲ್ಲಿ ಕೊಟ್ಟಿಲ್ಲ.

ಅಮ್ಮಿಯ ಮಂಡಿನೋವು ಹೇಗಿದೆ? ಕೇಳಿ ಬರೆಯಿರಿ.

ಮಹೀನ್


ಚನ್ನಪಟ್ಟಣ
೯ ಸೆಪ್ಟೆಂಬರ್ ೨೦೨೪

ಮಹೀನ್‌ಗೆ,

ಕರೆಂಟ್ ಹೋಗಿದೆ, ಬರೆಯುತ್ತಿದ್ದೇನೆ. ಅಮ್ಮಿಯ ಮಂಡಿ ಪರವಾಗಿಲ್ಲ, ಬಾಯಿ ಮೊದಲಿನಂತೆಯೇ ಇದೆ.

ನಿನ್ನ ಪತ್ರ ತಡವಾಗಿ ಬಂತು. ಅಂದರೆ ಚಕ್ರ ಆಗಲೇ ಮುಗಿದಿತ್ತು. ಒಳ್ಳೆಯ ಆಲೆಮರ, ಎಂಟು ಅರ, ಕಪ್ಪು ಅರಗು, ತಾಳೆಗರಿ ಹಿಡಿದು ಹೊಳಪು. ಪಕ್ಕದ ಕಬ್ಬಿಣದ ಚಕ್ರವೇ ನಾಚಬೇಕು, ಹಾಗಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಅಂತ ನಮ್ಮ ಅಂಗಡಿಯ ಹುಸೇನ್ ಕೂಡ ಅಂದ.

ಸರಸಮ್ಮ ಬಸ್ಸಿನಲ್ಲಿ ತಾವೇ ಬಂದರು. ಗಾಡಿಯನ್ನು ನೋಡಲಿಲ್ಲ, ನೇರವಾಗಿ ಎತ್ತಿ ಎರಡೂ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

“ಇದ್ಯಾಕಪ್ಪ ಒಂದ್ ಕಡೀಕೆ ಉಪಾಸ ಮಾಡೈತೆ?”

ನಾನು ರಂಜಾನಿನಲ್ಲೂ ಅಷ್ಟು ಸಣ್ಣಗಾಗಿರಲಿಲ್ಲ.

“ನಮ್ಮತ್ತೆ ಇದ್ರಾಗೇ ನನ್ ತಲೆ ಮ್ಯಾಲೆ ಒಂದ್ಸಲ ಕುಟ್ಟಿದ್ಲು ಕಣಪ್ಪ” ಅಂದರು ಆ ತಾಯಿ, ನೆತ್ತಿ ಸವರಿಕೊಂಡು. “ಇದ್ರ ತೂಕ ನಂಗೆ ಮರ್ತೋಯ್ತದಾ?”

ಮರದ ಚಕ್ರ ಕಿತ್ತಿಟ್ಟೆ. ಈಗ ಮಾಗಡಿಯ ನಾಗರಾಜುವನ್ನು ಹಿಡಿದಿದ್ದೇನೆ. ಪಂಪ್‌ಸೆಟ್ಟಿನ ಬಿಡಿಭಾಗಗಳಿಗೆ ಹಿತ್ತಾಳೆ ಎರಕ ಹೊಯ್ಯುವವನು, ನನ್ನ ಕಾಲೇಜಿನ ಗೆಳೆಯ. ಉಳಿದ ಚಕ್ರವನ್ನೇ ಮರಳಿಗೆ ಒತ್ತಿ ಅಚ್ಚು ತೆಗೆದು ಇನ್ನೊಂದು ಹೊಯ್ಯುತ್ತಾನಂತೆ. ಕಾಲಿಗೆ ಮಾತ್ರ ಮಾದರಿ ಬೇಕು ಅಂದ. ಮಾದರಿ ಮರದ್ದು ತಾನೇ? ಕುದುರೆಯ ಎಡಗಾಲನ್ನು ಎದುರಿಗಿಟ್ಟುಕೊಂಡು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕೆತ್ತಿ ಕೊಟ್ಟಿದ್ದೇನೆ. ಇನ್ನೇನು, ಎಲ್ಲಾ ಅಚ್ಚುಕಟ್ಟು. ನಿನಗೆ ಕೆಲಸವಿಲ್ಲ.

ಕರೆಂಟ್ ಬಂತು.

ಅಬ್ಬಾ


ಚನ್ನಪಟ್ಟಣ
೧೮ ಅಕ್ಟೋಬರ್ ೨೦೨೪

ಮಹೀನ್,

ಕರೆಂಟ್ ಹೋಗಿದೆ. ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಕೋಪವೋ, ಕೆಲಸವೋ? ಕೋಪವಾದರೆ ಬರೆದೇ ತೀರಿಸಿಕೋ.

ಒಂದು ತಾಂತ್ರಿಕ ಪ್ರಶ್ನೆ. ಒಬ್ಬ ಪರಿಚಯದವರು ಕೇಳುತ್ತಿದ್ದರು.

ಆ ಪರಿಚಯದವರು ಹೊಸ ಚಕ್ರವನ್ನು ಬಲಗಡೆಗೆ ಹಾಕಿ ಗಾಡಿಯನ್ನು ಅಂಗಡಿಯ ಮುಂದಿನ ಇಳಿಜಾರಿನಲ್ಲಿ ಬಿಟ್ಟರು. ಗಾಡಿ ನಾಲ್ಕು ಮಾರು ಗಂಭೀರವಾಗಿ ಹೋಗಿ, ಬಲಕ್ಕೆ ತಿರುಗಿ, ಚರಂಡಿಗಿಳಿಯಿತು. ಮತ್ತೆ ಬಿಟ್ಟರು. ಮತ್ತೆ ಬಲಕ್ಕೆ, ಮತ್ತೆ ಚರಂಡಿ. ಅಳೆದು ನೋಡಿದರೆ ಹೊಸ ಚಕ್ರ ಹಳೆಯದಕ್ಕಿಂತ ಎರಡು ಮಿಲಿಮೀಟರ್ ಸಣ್ಣ. ಅದೇ ಚಕ್ರದಿಂದ ತೆಗೆದ ಅಚ್ಚಿನಲ್ಲಿ ಹೊಯ್ದದ್ದು ಅದಕ್ಕಿಂತ ಸಣ್ಣದಾಗಲು ಹೇಗೆ ಸಾಧ್ಯ? ನಾಗರಾಜು ಒಂದಿಷ್ಟು ತಿಂದಿರಬೇಕು ಅಂತ ಪರಿಚಯದವರಿಗೆ ಗುಮಾನಿ.

ಎರಡನೆಯದು ಕಾಲು. ಕುದುರೆಯ ಎರಡು ಹಿಂಗಾಲುಗಳ ನಡುವೆ ಒಂದು ಸಣ್ಣ ಉರುಳೆ ಇದೆ, ಎರಡೂ ಗೊರಸಿನ ತೂತಿಗೆ ಸೇರಿದ ಕಡ್ಡಿಯ ಮೇಲೆ ಅದು ಉರುಳಬೇಕು. ಹೊಸ ಕಾಲು ಹಿಡಿದು ನೋಡಿದರೆ ಗೊರಸು ಹೊರಗೆ ಬಾಗುವ ಬದಲು ಒಳಗೆ ಬಾಗಿ ಪಕ್ಕದ ಕಾಲಿಗೇ ಒದೆಯುತ್ತಿದೆ. ತೂತಿಗೆ ತೂತು ಕೂಡುವುದಿಲ್ಲ. ಅರ್ಧ ದಿನ ತಿರುವಿ ಮುರುವಿ ನೋಡಿದೆವು. ಕೊನೆಗೆ ನಿನ್ನ ಅಮ್ಮಿ ಟೀ ತಂದವಳು ಒಂದು ಕ್ಷಣ ನೋಡಿ, “ಇದು ಎಡಗಾಲು ಅಲ್ಲವಾ?” ಅಂತ ಹೇಳಿ ಒಳಗೆ ಹೋದಳು.

ಎಡಗಾಲನ್ನೇ ನೋಡಿ ಕೆತ್ತಿದ್ದೆ, ಬಂದದ್ದೂ ಎಡಗಾಲೇ. ಈಗ ಕುದುರೆಗೆ ಕಾಲು ನಾಲ್ಕಾದವು, ಅದರಲ್ಲಿ ಎಡಗಾಲು ಮೂರು.

ಕೂಸಿಗೆ ಒಂಬತ್ತು ತಿಂಗಳು ತುಂಬಿದೆ, ಗೋಡೆ ಹಿಡಿದು ನಿಲ್ಲುತ್ತಿದೆಯಂತೆ. ದೇವರಾಜು ಮೂರು ದಿನಕ್ಕೊಮ್ಮೆ ಫೋನ್ ಮಾಡುತ್ತಾರೆ. ನಾನು “ಆಗ್ತಾ ಇದೆ, ಆಗ್ತಾ ಇದೆ” ಅನ್ನುತ್ತೇನೆ. ಆಗುತ್ತಿಲ್ಲ, ಮಹೀನ್.

ಅಬ್ಬಾ


ಬೆಳಗಾವಿ
೨೭ ಅಕ್ಟೋಬರ್ ೨೦೨೪

ಅಬ್ಬಾ,

ನಗಬಾರದು ಅಂತ ತೀರ್ಮಾನಿಸಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ‘ಎಡಗಾಲು ಮೂರು’ ಬಂದಾಗ ಕೈಮೀರಿತು. ಪಕ್ಕದ ರೂಮಿನ ಹುಡುಗಿಯರು ಓಡಿ ಬಂದು “ಯಾಕ ಅಳಾಕತ್ತೀ?” ಅಂತ ಕೇಳಿದರು.

ಉತ್ತರ ಬರೆಯದೆ ಇದ್ದದ್ದಕ್ಕೆ ಕಾರಣ ಕೋಪ. ನಿಮ್ಮ ಕೊನೆಯ ವಾಕ್ಯದ ಮೇಲೆ. “ನಿನಗೆ ಕೆಲಸವಿಲ್ಲ” ಅಂದಿದ್ದಿರಿ.

ಈಗ ನಿಮ್ಮ ಪರಿಚಯದವರಿಗೆ ತಿಳಿಸಿ. ನಾಗರಾಜು ಅಂಕಲ್ ಏನೂ ತಿಂದಿಲ್ಲ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಕಬ್ಬಿಣ ನೂರಕ್ಕೆ ಒಂದು, ಹಿತ್ತಾಳೆ ಒಂದೂವರೆ, ಮೇಲೆ ಅಂಚು ನಯವಾಗಲು ಅರದಿಂದ ಉಜ್ಜಿದ್ದು ಬೇರೆ. ಹಳೆಯ ಭಾಗವನ್ನೇ ಮಾದರಿಯಾಗಿ ಒತ್ತಿದರೆ ಹೊಸದು ಸಣ್ಣದೇ ಆಗುವುದು. ಹಸಿ ಆಲೆಮರ ಕಡೆದರೆ ಒಣಗಿ ಕುಗ್ಗುತ್ತದೆ, ವರ್ಷಗಟ್ಟಲೆ ಕಾಯಬೇಕು ಅಂತ ನನಗೆ ಏಳನೇ ವಯಸ್ಸಿನಲ್ಲಿ ಕಿವಿ ಹಿಂಡಿ ಕಲಿಸಿದವರು ನೀವು! ಮರಕ್ಕೆ ಕೊಟ್ಟ ರಿಯಾಯಿತಿ ಕಬ್ಬಿಣಕ್ಕೂ ಕೊಡಿ.

ಕಾಲಿನ ತಪ್ಪು ಮಾತ್ರ ಲೋಕದಲ್ಲಿ ನಮ್ಮ ಬೀದಿಯವರು ಬಿಟ್ಟರೆ ಇನ್ಯಾರೂ ಮಾಡಲಾರರು. ನಲವತ್ತು ವರ್ಷ ತಿರುಗುವ ಮರಕ್ಕೆ ಉಳಿ ಹಿಡಿದವರಿಗೆ ಎಡ ಬಲ ಎಲ್ಲಿಂದ ಬರಬೇಕು? ಕಡೆದದ್ದೆಲ್ಲ ದುಂಡಗೆ, ಯಾವ ಕಡೆಯಿಂದ ನೋಡಿದರೂ ಒಂದೇ. ಎಡಗಾಲನ್ನು ಕನ್ನಡಿಯಲ್ಲಿ ನೋಡಿಕೊಂಡು ಕೆತ್ತಿ, ಅಬ್ಬಾ. ಅಮ್ಮಿಯ ಕನ್ನಡಿ ಕೇಳಿ, ಕೊಡುತ್ತಾರೆ.

ಜೊತೆಗೆ ಒಂದು ಸ್ಕೇಲ್ ಕಳಿಸಿದ್ದೇನೆ. ಇದು ಸುಳ್ಳು ಹೇಳುವ ಸ್ಕೇಲು. ಇದರ ಒಂದು ಸೆಂಟಿಮೀಟರ್ ನಿಜವಾದದ್ದಕ್ಕಿಂತ ನೂರರಲ್ಲಿ ಒಂದು ಪಾಲು ದೊಡ್ಡದು. ಹಳೆಯ ಚಕ್ರವನ್ನು ಮಾಮೂಲಿ ಸ್ಕೇಲಿನಲ್ಲಿ ಅಳೆಯಿರಿ, ಅಷ್ಟೇ ಅಂಕಿಯನ್ನು ಇದರಲ್ಲಿ ಹಿಡಿದು ಮರದ ಮಾದರಿ ಮಾಡಿ. ಮುಂದೆ ಕುಗ್ಗಲಿರುವುದನ್ನು ಮೊದಲೇ ತಿಳಿದು ಸ್ವಲ್ಪ ಉದಾರವಾಗಿ ಅಳೆಯುವುದು ಇದರ ಗುಣ.

ಮಾದರಿಗಳನ್ನು ಇಲ್ಲಿಗೆ ಕಳಿಸಿ. ಕಬ್ಬಿಣದಲ್ಲೇ ಹೊಯ್ಯಬೇಕು. ನಾನು ಹೊಯ್ಯುತ್ತೇನೆ.

ಕೆಲಸವಿರುವ,
ಮಹೀನ್


ಚನ್ನಪಟ್ಟಣ
೧೦ ನವೆಂಬರ್ ೨೦೨೪

ಮಹೀನ್ ಬೇಟಾಗೆ ಅಮ್ಮಿಯ ದುವಾ,

ನನಗೆ ಕನ್ನಡ ಓದೋಕೆ ಬರಲ್ಲ ಅಂತ ಅಪ್ಪ ಮಗಳು ಇಬ್ಬರೂ ನಂಬಿದ್ದೀರಿ. ಇರಲಿ. ನಾನು ರಾಮನಗರದಲ್ಲಿ ನಾಲ್ಕನೇ ಕ್ಲಾಸ್‌ವರೆಗೂ ಕನ್ನಡ ಸ್ಕೂಲ್ ಓದಿದ್ದು. ನಿನ್ನ ಅಬ್ಬಾ ಯಾವತ್ತೂ ಕೇಳಲಿಲ್ಲ, ನಾನು ಹೇಳಲಿಲ್ಲ. ಪತ್ರ ಎಲ್ಲಾ ಓದಿದ್ದೀನಿ. ನನ್ನ ಬಾಯಿ ಮೊದಲಿನಂತೆಯೇ ಇದೆ ಅಂತ ಬರೆದಿದ್ದಾರೆ. ಅದಕ್ಕೆ ಒಂದು ವಾರ ಉಪ್ಪು ಕಮ್ಮಿ ಹಾಕಿದೆ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ ಪಾಪ.

ನಿನ್ನ ಸ್ಕೇಲ್ ಬಂತು. ಜುಬ್ಬಾ ಜೇಬಲ್ಲಿ ಇಟ್ಟುಕೊಂಡೇ ಓಡಾಡ್ತಾರೆ. ಮಸೀದಿಯಿಂದ ಬರುವಾಗ ಹುಸೇನ್‌ನ ನಿಲ್ಲಿಸಿ, “ನನ್ ಮಗಳು ಕಳಿಸಿದ್ದು, ಇಂಥಾದ್ದು ಇಡೀ ಜಿಲ್ಲೆಯಲ್ಲಿ ಇಲ್ಲ” ಅಂದರು. ಮನೆಗೆ ಬಂದು ನನ್ನ ರೊಟ್ಟಿ ಅಳೆದರು. ಸಣ್ಣ ಆಗಿದೆ ಅಂದರು. ಲಟ್ಟಣಿಗೆ ತೋರಿಸಿದೆ, ಸ್ಕೇಲ್ ಜೇಬಿಗೆ ಹೋಯಿತು.

ಕನ್ನಡಿ ಗೋಡೆಯಿಂದ ಇಳಿಸಿ ಅಂಗಡಿಗೆ ತಗೊಂಡು ಹೋಗಿದ್ದಾರೆ. ಕುದುರೆ ಕಾಲು ಕೆತ್ತುತ್ತಾ ಮಧ್ಯೆ ಮಧ್ಯೆ ಮೀಸೆ ನೋಡಿಕೊಳ್ತಾರೆ.

ಇನ್ನೊಂದು. ಈ ಮೂರು ತಿಂಗಳಿಂದ ನಮ್ಮ ಬೀದಿಗೆ ಹಗಲು ಹೊತ್ತು ಕರೆಂಟ್ ಹೋಗಿಯೇ ಇಲ್ಲ. ನಾನು ಹೇಳಿದೆ ಅಂತ ಹೇಳಬೇಡ.

ನಿನ್ನ ಅಮ್ಮಿ


ಚನ್ನಪಟ್ಟಣ
೨೪ ನವೆಂಬರ್ ೨೦೨೪

ಮಹೀನ್,

ಕರೆಂಟ್ ಹೋಗಿದೆ. ಪಾರ್ಸೆಲ್‌ನಲ್ಲಿ ಮೂರು ಮಾದರಿ ಇವೆ: ಚಕ್ರ, ಕಾಲು, ಗಂಟೆಯ ಸುತ್ತಿಗೆಯ ಹಿಡಿ. ಕಾಲು ಬಲಗಾಲೇ. ನಿನ್ನ ಅಮ್ಮಿ, ಹುಸೇನ್, ಅಂಗಡಿ ಮುಂದೆ ಹೋಗುತ್ತಿದ್ದ ಇಬ್ಬರು ಅಪರಿಚಿತರು, ಎಲ್ಲರಿಂದಲೂ ಖಾತ್ರಿ ಮಾಡಿಸಿದ್ದೇನೆ.

ನಿನ್ನ ಸುಳ್ಳು ಸ್ಕೇಲು ಹಿಡಿದು ಕೆಲಸ ಮಾಡುವುದು ಮೊದಲು ಕಷ್ಟವಾಯಿತು. ಕೈ ತನ್ನ ಅಳತೆಗೇ ಹೋಗುತ್ತದೆ. ಬೇಕಾದ್ದಕ್ಕಿಂತ ಒಂದು ಕೂದಲು ಹೆಚ್ಚು ಬಿಡಬೇಕು ಅಂದರೆ ಉಳಿ ಒಪ್ಪುವುದಿಲ್ಲ. ಮೂರು ಚಕ್ರ ಕೆಡಿಸಿದೆ. ನಾಲ್ಕನೆಯದು ಕುದುರಿತು. ಈ ವಯಸ್ಸಿನಲ್ಲಿ ಹೊಸ ಅಳತೆ ಕಲಿಯುವುದು ಕಬ್ಬಿಣದ ಕಡಲೆ ಅಂದುಕೊಂಡಿದ್ದೆ, ಅಷ್ಟೇನೂ ಗಟ್ಟಿ ಇಲ್ಲ.

ಹಳಗನ್ನಡದಲ್ಲಿ ‘ಎರಕ’ ಅಂದರೆ ಪ್ರೀತಿ ಅಂತಲೂ ಒಂದು ಅರ್ಥವಿದೆ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಪರೀಕ್ಷೆಗೆ ಬರಲಿಲ್ಲ. ಸುಮ್ಮನೆ ನೆನಪಾಯಿತು.

ಮನೆಯಲ್ಲಿ ಊಟಕ್ಕೆ ಯಾಕೋ ಉಪ್ಪು ಕಮ್ಮಿಯಾಗಿತ್ತು. ಈಗ ಸರಿಹೋಗಿದೆ.

ಅಬ್ಬಾ


ಬೆಳಗಾವಿ
೧೫ ಡಿಸೆಂಬರ್ ೨೦೨೪

ಪ್ರೀತಿಯ ಅಬ್ಬಾ,

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಇನ್ನು ಆಗುವುದಿಲ್ಲ.

ಕಬ್ಬಿಣ ಹೊಯ್ಯಬೇಕಾದರೆ ಮರಳಿನಲ್ಲಿ ಅಚ್ಚು ಬೇಕು, ಅಚ್ಚು ಒತ್ತಲು ಮರದ ಮಾದರಿ ಬೇಕು. ಅದಕ್ಕಾಗಿ ಇಲ್ಲಿ ಒಂದು ಬೇರೆ ವಿಭಾಗವೇ ಇದೆ. ನಾನು ಬಂದ ಮೊದಲ ದಿನ ಮೇಸ್ತ್ರಿ ಎಲ್ಲರ ಕೈಗೂ ಒಂದೊಂದು ಉಳಿ ಕೊಟ್ಟರು. ನಾನು ಹಿಡಿದದ್ದು ನೋಡಿ ನೇರವಾಗಿ ಆ ವಿಭಾಗಕ್ಕೆ ಹಾಕಿದರು. ಆರು ತಿಂಗಳಿಂದ ಮರ ಕಡೆಯುತ್ತಿದ್ದೇನೆ, ಅಬ್ಬಾ. ಮರ ಸಾಕು, ಕಬ್ಬಿಣ ಬೇಕು ಅಂತ ನಿಮ್ಮ ಜೊತೆ ಜಗಳವಾಡಿ ಆರುನೂರು ಕಿಲೋಮೀಟರ್ ದೂರ ಬಂದವಳಿಗೆ ಸಿಕ್ಕಿದ್ದು ನಮ್ಮ ಅಂಗಡಿಯ ಮೂಲೆಯೇ. ಯಾವ ಮುಖ ಇಟ್ಟುಕೊಂಡು ಬರೆಯಲಿ ಅಂತ ಸುಮ್ಮನಿದ್ದೆ. ಆದರೆ ಇಲ್ಲಿ ನಾನು ಕಡೆದದ್ದು ಹೋಗಿ ಕಬ್ಬಿಣವಾಗುತ್ತದೆ. ಅದು ನನಗೆ ಇಷ್ಟ. ಇದನ್ನು ಪ್ಲಾಟ್‌ಫಾರಂ ಮೇಲೆ ಹೇಳಲು ನನಗೆ ಬಂದಿರಲಿಲ್ಲ.

ನಿಮ್ಮ ಮಾದರಿಗಳನ್ನು ಮೇಸ್ತ್ರಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಯಾರು ಮಾಡ್ಯಾರ ಇದನ್ನ?”

“ನಮ್ಮಪ್ಪ.”

“ಇಲ್ಲಿ ಕೆಲಸಕ್ಕ ಬರ್ತಾರೇನು ಕೇಳವಾ.”

ಕೇಳಿದ್ದೇನೆ ಅಂತ ತಿಳಿಯಿರಿ.

ಶನಿವಾರ ಕೊನೆಯ ಕುಲುಮೆಯಲ್ಲಿ ಉಳಿದ ಕಬ್ಬಿಣದಲ್ಲಿ ನಮ್ಮದನ್ನು ಹೊಯ್ಯಲು ಬಿಟ್ಟರು. ಸೌಟು ನಾನೇ ಹಿಡಿದೆ. ಮರಳು ಒಡೆದು ತೆಗೆದಾಗ ಚಕ್ರ ಬಿಸಿ ರೊಟ್ಟಿಯಂತೆ ಬಂತು. ಆರಿದ ಮೇಲೆ ಅಳೆದೆ. ನಿಜವಾದ ಸ್ಕೇಲಿನಲ್ಲಿ, ಪಾರ್ಸೆಲ್‌ನಲ್ಲಿ ನೀವು ಬರೆದಿಟ್ಟ ಹಳೆಯ ಚಕ್ರದ ಅಳತೆಯಷ್ಟೇ.

ಕಾಲು ಜೋಡಿಸುವಾಗ ಒಳಗೆ ಸಣ್ಣ ಉಕ್ಕಿನ ಮೊಳೆ ಕೊಡಿ. ಸಂದಿಗೆ ಅಂಗಡಿಯ ಅಂಟು ಬೇಡ, ನಮ್ಮ ಅರಗೇ ಸಾಕು. ಕೂಸು ನೆಕ್ಕಿದರೂ ಭಯವಿಲ್ಲ.

ಮಹೀನ್


ಚನ್ನಪಟ್ಟಣ
೫ ಜನವರಿ ೨೦೨೫

ಮಹೀನ್,

ನಿನ್ನ ಪತ್ರ ಓದಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ. ಹುಸೇನ್ “ಏನಾಯ್ತು?” ಅಂದ. “ಕಣ್ಣಿಗೆ ಮರದ ಪುಡಿ” ಅಂದೆ. “ಮೋಟಾರೇ ಆನ್ ಆಗಿಲ್ಲವಲ್ಲ” ಅಂದ. ಕೆಲವರಿಗೆ ಎಲ್ಲಿ ಸುಮ್ಮನಿರಬೇಕು ಗೊತ್ತಾಗುವುದಿಲ್ಲ.

ಚಕ್ರ ಕೂತಿತು. ಕಾಲು ಕೂತಿತು. ಮೊಳೆಯ ಸುತ್ತ ಅರಗು ಕರಗಿಸಿ ತುಂಬಿ, ಮೇಲೆ ಕಪ್ಪು ಅರಗು ಹಿಡಿದು ತಾಳೆಗರಿಯಿಂದ ಉಜ್ಜಿದೆ. ಎಲ್ಲಿ ನಿನ್ನ ಕೆಲಸ ಮುಗಿದು ಎಲ್ಲಿ ನನ್ನದು ಶುರುವಾಗುತ್ತದೆ ಅಂತ ಉಗುರಿನಿಂದ ತಡವಿದರೂ ಸಿಗುವುದಿಲ್ಲ. ಸುತ್ತಿಗೆಯ ತಲೆಗೆ ಮಾತ್ರ ಹಿತ್ತಾಳೆ ಬೇಕು ಅನ್ನಿಸಿತು, ಕಬ್ಬಿಣ ಬಡಿದರೆ ಗಂಟೆ ಕೂಗುತ್ತದೆ, ಹಾಡುವುದಿಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ನಿನ್ನ ಮಾಮ ಅಜರ್ ಇದ್ದಾನಲ್ಲ, ಅವನ ಹಳೆಯ ಯಂತ್ರದಿಂದ ಒಂದು ಹಿತ್ತಾಳೆ ಗುಂಡಿ ತಂದು ಹಾಕಿದೆ. ಇಳಿಜಾರಿನಲ್ಲಿ ಬಿಟ್ಟೆ. ನೆಟ್ಟಗೆ ಹೋಯಿತು. ಚರಂಡಿಗೆ ಬೇಸರವಾಗಿರಬೇಕು.

ಅತ್ತ ಕಲ್ಯದಲ್ಲಿ ಭಾರಿ ಪರಿಸ್ಥಿತಿ. ಕೂಸಿಗೆ ವರ್ಷ ತುಂಬುತ್ತಿದೆ, ಇವತ್ತೋ ನಾಳೆಯೋ ಹೆಜ್ಜೆ ಇಡುವ ಹಾಗಿದೆ. ಸರಸಮ್ಮ ಅವಳನ್ನು ನೆಲಕ್ಕೇ ಬಿಡುತ್ತಿಲ್ಲವಂತೆ. ಇಪ್ಪತ್ತು ದಿನದಿಂದ ಸೊಂಟದಿಂದ ಸೊಂಟಕ್ಕೆ! ದೇವರಾಜು ಫೋನಿನಲ್ಲಿ ಬೇಡಿಕೊಂಡರು: “ಸಾಬ್ರೇ, ಬ್ಯಾಗ ತಗಂಬನ್ನಿ. ನಮ್ಮವ್ವ ಕೂಸ್ನ ಕೆಳೀಕ್ ಬುಡ್ತಿಲ್ಲ, ನಮ್ಮನ್ನೂ ಒಬ್ಬೊಬ್ರನ್ನೇ ಪಾಳಿ ಹಾಕ್ಬುಟ್ಟವ್ಳೆ. ನನ್ ನಡ ಬಿದ್ದೋಯ್ತು.”

ಹನ್ನೆರಡನೇ ತಾರೀಖು ಭಾನುವಾರ ಹೊರಡುತ್ತೇವೆ. ನಿನ್ನ ಅಮ್ಮಿಯೂ ಬರುತ್ತಾಳೆ. ಆ ಸರಸಮ್ಮ ಏನು ಹೇಳುತ್ತಾರೋ ಅಂತ ನನಗೆ ಪರೀಕ್ಷೆಯ ಹಿಂದಿನ ದಿನದಂತೆ ಆಗುತ್ತಿದೆ.

ಅಬ್ಬಾ

(ಇವತ್ತು ಕರೆಂಟಿನ ವಿಷಯ ಬರೆಯಲು ಮರೆತೆ. ಹೋಗಿತ್ತು.)


ಬೆಳಗಾವಿ
೧೩ ಜನವರಿ ೨೦೨೫

ಅಬ್ಬಾ,

ನಿನ್ನೆ ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುತ್ತಿದ್ದೆ. ಕಲ್ಲಿನ ಮೇಲಿಟ್ಟ ಫೋನು ಹೊಡೆದುಕೊಂಡಿತು. ‘ಅಬ್ಬಾ’ ಅಂತ ಬಂತು. ಏಳು ತಿಂಗಳಿಂದ ಆ ಹೆಸರು ಬಂದಿರಲಿಲ್ಲ. ಸೋಪಿನ ಕೈಯಲ್ಲೇ ಎತ್ತಿದೆ.

ಯಾರೂ ಮಾತಾಡಲಿಲ್ಲ. ಟಿಣ್. ಮತ್ತೆ ಟಿಣ್. ನಾನು ನೆನಪಿಟ್ಟುಕೊಂಡು ಎಣಿಸಿದೆ, ಆರು ಸಲ. ಆಮೇಲೆ ಒಮ್ಮೆಲೇ ಗದ್ದಲ, ಯಾರೋ ಗಂಡಸು ಅಳುತ್ತಾ ನಗುತ್ತಿದ್ದರು, ಅಮ್ಮಿ “ಮಾಷಾ ಅಲ್ಲಾ” ಅಂದದ್ದು ಕೇಳಿಸಿತು. ಆಮೇಲೆ ಒಬ್ಬ ಅಜ್ಜಿಯ ದನಿ ಏನೋ ಜೋರಾಗಿ ಹೇಳಿತು, ಎಲ್ಲರೂ ಗೊಳ್ಳೆಂದರು.

ಆಮೇಲೆ ನೀವು. “ಮಹೀನ್, ಕೇಳಿಸ್ತಾ?”

“ಕೇಳಿಸ್ತು ಅಬ್ಬಾ” ಅಂದೆ. ಅಷ್ಟರಲ್ಲಿ ಲೈನ್ ಹೋಯಿತು. ಕಲ್ಯದ ಟವರೋ? ಮತ್ತೆ ಮಾಡೋಣ ಅಂದುಕೊಂಡೆ, ನಿಮ್ಮ ಹಟ ಕೆಡಿಸಿದ ಹಾಗಾಗುತ್ತದೆ ಅಂತ ಬಿಟ್ಟೆ.

ಅಜ್ಜಿ ಏನು ಹೇಳಿದರು? ಕೂಸು ನಡೆಯಿತಾ? ನನ್ನ ಸಹಪಾಠಿಗಳೆಲ್ಲ ಕಾಯುತ್ತಿದ್ದಾರೆ, ಮೇಸ್ತ್ರಿಯೂ ಸೇರಿ. ಒಂದನ್ನೂ ಬಿಡದೆ ಬರೆಯಿರಿ.

ಮಹೀನ್


ಚನ್ನಪಟ್ಟಣ
೨೦ ಜನವರಿ ೨೦೨೫

ಮಹೀನ್ ಬೇಟಾ,

ಬರೆಯುತ್ತೇನೆ, ಒಂದನ್ನೂ ಬಿಡದೆ.

ಅಂಗಳದಲ್ಲಿ ಚಾಪೆ ಹಾಕಿದ್ದರು. ಸರಸಮ್ಮ ಮೊದಲು ಗಾಡಿಯನ್ನು ಎತ್ತಿ ಎರಡೂ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. “ಹೂಂ. ಹೊಟ್ಟೆ ತುಂಬಾ ಉಂಡೈತೆ” ಅಂದರು. ನಿನ್ನ ಅಮ್ಮಿ ನನ್ನ ತೋಳು ಚಿವುಟಿದಳು.

ಇಪ್ಪತ್ತೇಳು ದಿನದ ನಂತರ ಕೂಸನ್ನು ನೆಲಕ್ಕಿಳಿಸಿದರು. ದಾರ ಕೈಗೆ ಕೊಟ್ಟರು. ಕೂಸು ದಾರವನ್ನು ಬಾಯಿಗೆ ಹಾಕಿತು. “ಎಳಿಯವ್ವ, ಎಳಿ” ಅಂತ ಇಡೀ ಮನೆ ಕೂಗಿತು. ಕೂಸು ದಾರ ಬಿಟ್ಟು ಕುದುರೆಯನ್ನು ಹಿಡಿದು ಬಲಗಾಲನ್ನು ಚೀಪಿತು. ನಿನ್ನ ಬಲಗಾಲು. ರುಚಿ ನೋಡಿ ಪಾಸು ಮಾಡಿದಳು ಅಂತ ನಾನು ಲೆಕ್ಕ ಹಿಡಿದೆ. ಆಮೇಲೆ ಕೈ ಬಿಟ್ಟು ಸುಮ್ಮನೆ ಕೂತಳು. ಹತ್ತು ನಿಮಿಷವಾದರೂ ಏಳುವ ಲಕ್ಷಣವಿಲ್ಲ. ಎತ್ತಿಸಿಕೊಂಡೇ ರೂಢಿಯಾದವಳಿಗೆ ನೆಲ ಮರೆತಿತ್ತೋ ಏನೋ.

ಆಗ ದೇವರಾಜು ಎದ್ದು ಬಂದರು. ಐವತ್ತಾರು ವರ್ಷದ ಮನುಷ್ಯ, ತಾನೇ ಮುರಿದ ಗಾಡಿಯ ದಾರವನ್ನು ಬೆರಳಿಗೆ ಸುತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಎಳೆದರು. ಟಿಣ್! ಐವತ್ತು ವರ್ಷದ ಮೇಲೆ ಆ ಮನೆಯಲ್ಲಿ ಮೊದಲ ಸದ್ದು. ಇದನ್ನು ಹೊಯ್ದವಳು ಕೇಳಬೇಕು ಅನ್ನಿಸಿತು, ಫೋನ್ ತೆಗೆದು ನಿನ್ನ ನಂಬರ್ ಒತ್ತಿ ಗಂಟೆಯ ಕಡೆ ಹಿಡಿದೆ. ಮಾತಾಡುವ ಉದ್ದೇಶ ಇರಲಿಲ್ಲ, ಆಣೆ. ನೀನು ಎತ್ತುವ ಹೊತ್ತಿಗೆ ಕೂಸು ಎದ್ದು ನಿಂತಿತ್ತು. ಗಂಟೆ ಹೋದ ಕಡೆ ನೋಡಿತು. ಕೈ ಎರಡೂ ಮುಂದೆ ಚಾಚಿ ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಧೊಪ್ಪನೆ ಕೂತು ಚಪ್ಪಾಳೆ ಹೊಡೆಯಿತು. ಅಳುತ್ತಾ ನಕ್ಕ ಗಂಡಸು ದೇವರಾಜು.

ಆಮೇಲೆ ಎಲ್ಲರಿಗೂ ಒಟ್ಟಿಗೆ ಹೊಳೆಯಿತು: ದಾರ ಕೂಸಿನ ಕೈಯಲ್ಲಿರಲಿಲ್ಲ. ಇಪ್ಪತ್ತೇಳು ದಿನ ಹೊತ್ತದ್ದು ಇದಕ್ಕಾಗಿಯೇ! ಎಲ್ಲರೂ ಸರಸಮ್ಮನ ಮುಖ ನೋಡಿದರು. ಆ ತಾಯಿ ಸೊಂಟದ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು:

“ದಾರ ಯಾವಳಿಗ್ ಬೇಕ್ಲಾ? ಗಂಟೆ ಸದ್ದು ಹಿಡ್ಕಂಡು ನಡೆದ್ಲು ನನ್ ಕೂಸು!”

ಎಂಬತ್ತರ ಹೆಂಗಸು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಂಬಿಕೊಂಡು ಬಂದ ನಿಯಮವನ್ನು ಒಂದು ಉಸಿರಿನಲ್ಲಿ ಅಂಗಳಕ್ಕೆ ಬಿಟ್ಟು ಕೂಸನ್ನು ಎತ್ತಿಕೊಂಡು ಮುದ್ದಾಡಿದರು. ನನ್ನ ನಿಯಮಕ್ಕೆ ಏಳೇ ತಿಂಗಳು ವಯಸ್ಸು. ಫೋನನ್ನು ಕಿವಿಗೆ ಇಟ್ಟುಕೊಂಡೆ.

ಲೈನ್ ಹೋದದ್ದು ಟವರಿನ ತಪ್ಪಲ್ಲ. ನೀನು “ಕೇಳಿಸ್ತು ಅಬ್ಬಾ” ಅಂದೆಯಲ್ಲ, ಆಮೇಲೆ ನನ್ನ ಗಂಟಲಲ್ಲೇ ನೆಟ್‌ವರ್ಕ್ ಇರಲಿಲ್ಲ. ನಾನೇ ಕಟ್ ಮಾಡಿದೆ.

ಊರಿಗೆ ಬಂದು ಬೀದಿಯವರಿಗೆ ಏನು ಹೇಳಲಿ ಅಂತ ದಾರಿಯುದ್ದಕ್ಕೂ ಒಂದು ಭಾಷಣ ತಯಾರಿಸಿದ್ದೆ. ಬೇಕಾಗಲಿಲ್ಲ. ನಿನ್ನ ಅಮ್ಮಿ ಬಸ್ಸಿನಿಂದಲೇ ಎಲ್ಲರಿಗೂ ಫೋನ್ ಮಾಡಿ ಮುಗಿಸಿದ್ದಳು. ಹುಸೇನ್ ಮಾತ್ರ “ಮಾತಿಗೆ ತಪ್ಪಿದಿರಲ್ಲ ಸಾಬ್” ಅಂದ. “ಕುಗ್ಗಿದೆ ಕಣೋ, ಆರುವಾಗ ಎಲ್ಲಾ ಕುಗ್ಗುತ್ತೆ” ಅಂದೆ. ಅವನಿಗೆ ಅರ್ಥವಾಗಲಿಲ್ಲ. ಸ್ಕೇಲ್ ತೋರಿಸಿದೆ.

ಆ ಹೆಚ್ಚುವರಿ ಹಿತ್ತಾಳೆ ಎಡಗಾಲನ್ನು ಅಂಗಡಿಯ ಬಾಗಿಲಿಗೆ ತೂಗುಹಾಕಿದ್ದೇನೆ. ಗಿರಾಕಿಗಳು ಏನದು ಅಂತ ಕೇಳಿದರೆ ಕಥೆ ಹೇಳುತ್ತೇನೆ, ನಿನ್ನ ಭಾಗ ಬಂದಾಗ ಸ್ವಲ್ಪ ಉದಾರವಾಗಿಯೇ ಅಳೆದು ಹೇಳುತ್ತೇನೆ. ಮೇಸ್ತ್ರಿಗೆ ನನ್ನ ಸಲಾಂ, ಕೆಲಸಕ್ಕೆ ಬರಲಾರೆ ಅಂತ ತಿಳಿಸು. ಅಲ್ಲಿ ನಮ್ಮ ಮನೆಯಿಂದ ಒಬ್ಬರು ಸಾಕು. ಈದ್‌ಗೆ ರಜೆ ಕೇಳು. ರೈಲು ಹತ್ತು. ಆಗ ಆ ಮಾತು ಅಂದ ಪ್ಲಾಟ್‌ಫಾರಂ ಮೇಲೇ ನಿಂತಿರುತ್ತೇನೆ.

ಸಂಜೆ ಫೋನ್ ಮಾಡುತ್ತೇನೆ, ಎತ್ತು.

ಕರೆಂಟ್ ಇದೆ. ಮೋಟಾರ್ ನಾನೇ ನಿಲ್ಲಿಸಿದ್ದೇನೆ.

ನಿನ್ನ,
ಅಬ್ಬಾ